ಗುಮ್ಮಟದ ವಪೆ: ಬಾಟಲಿ ಶ್ವಾಸಕೋಶವನ್ನು ನಾನು ಕಟ್ಟುವ ಕ್ರಮ

ಗಾಳಿ ತುಂಬಿದ್ದಕ್ಕೆ ಎದೆ ಉಬ್ಬುತ್ತದೆ ಎಂದೇ ಬಹಳ ಮಕ್ಕಳು ನಂಬಿರುತ್ತಾರೆ. ಎದೆಗೂಡು ಹಿಗ್ಗುವುದು ಮೊದಲು. ಒಳಗಿನ ಒತ್ತಡ ಇಳಿದ ಮೇಲೆ ಗಾಳಿ ತಾನಾಗಿ ನುಗ್ಗುತ್ತದೆ. ಬಾಟಲಿ-ಬಲೂನಿನ ಮಾದರಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ ಬಾಟಲಿಯೊಳಗಿನ ಬಲೂನುಗಳೇ ಶ್ವಾಸಕೋಶ, ಕತ್ತರಿಸಿದ ತಳಕ್ಕೆ ತೊಡಿಸಿದ ರಬ್ಬರೇ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ. ಆದರೆ ಸಾಮಾನ್ಯವಾಗಿ ಕಟ್ಟುವ ಹಾಗೆ ಕಟ್ಟಿದರೆ ವಪೆ ಚಪ್ಪಟೆಯಿಂದ ಶುರುವಾಗಿ ಕೆಳಗೆ ಜೋತುಬೀಳುತ್ತದೆ. ದೇಹದಲ್ಲಿ ಸಡಿಲವಾದ ವಪೆ ಗುಮ್ಮಟದಂತಿರುತ್ತದೆ, ಬಿಗಿದಾಗ ಚಪ್ಪಟೆಯಾಗುತ್ತದೆ. ಅದಕ್ಕೇ ನಾನು ಒಂದು ಹೆಜ್ಜೆ ಬದಲಿಸಿಕೊಂಡಿದ್ದೇನೆ.

ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಎಳೆದಾಗ ಪಕ್ಕೆ ಒಳಕ್ಕೆ ಕುಸಿಯುತ್ತದೆ. ಸುಮಾರು 9 ಸೆಂ.ಮೀ. ಅಗಲದ, ದಪ್ಪನೆಯ ತಂಪು ಪಾನೀಯದ ಬಾಟಲಿ ತೆಗೆದುಕೊಂಡು ತಳ ಕತ್ತರಿಸಿ. ಅಂಚಿಗೆ ಸುತ್ತಲೂ ಟೇಪ್ ಹಚ್ಚದಿದ್ದರೆ ರಬ್ಬರ್ ಅಲ್ಲೇ ಹರಿಯುತ್ತದೆ. ಪಕ್ಕೆಯಲ್ಲಿ ಕಾಯಿಸಿದ ದಪ್ಪ ಸೂಜಿಯಿಂದ ಒಂದು ತೂತು ಮಾಡಿ ಟೇಪ್ ಅಂಟಿಸಿಡಿ, ಅದರ ಕೆಲಸ ಕೊನೆಗಿದೆ. ಮೀನಿನ ತೊಟ್ಟಿಯ ಗಾಳಿ ಕೊಳವೆ, ಅದಕ್ಕೆ ಸಿಗುವ ಕವಲು ಜೋಡಣೆ, ಒಂದೇ ಅಳತೆಯ ಎರಡು ಚಿಕ್ಕ ಬಲೂನು ಬೇಕು. ಕೊಳವೆಯನ್ನು ಮುಚ್ಚಳದ ತೂತಿನಲ್ಲಿ ತೂರಿಸಿ, ಎರಡೂ ಕಡೆ ಎಂ-ಸೀಲ್ ಮೆತ್ತಿ, ರಾತ್ರಿಯಿಡೀ ಒಣಗಲು ಬಿಡಿ.

ಬಲೂನುಗಳನ್ನು ಮೊದಲೇ ನಾಲ್ಕೈದು ಸಲ ಊದಿ ಮೆತ್ತಗೆ ಮಾಡಿಕೊಳ್ಳಬೇಕು. ಇಲ್ಲವಾದರೆ ಒಂದು ಉಬ್ಬುತ್ತದೆ, ಇನ್ನೊಂದು ಮುದುಡಿಕೊಂಡೇ ಇರುತ್ತದೆ. ನಮ್ಮ ಗಾಳಿಗೂಡುಗಳಿಗೂ, ಅಂದರೆ ಶ್ವಾಸಕೋಶದೊಳಗಿನ ಪುಟ್ಟ ಗಾಳಿಚೀಲಗಳಿಗೂ, ಇದೇ ಅಪಾಯವಿತ್ತು. ಅವುಗಳ ಒಳಮೈಗೆ ಸವರಿಕೊಂಡಿರುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ ಚಿಕ್ಕವು ಕುಸಿಯದಂತೆ ಕಾಯುತ್ತದೆ. ಅವಧಿಗೆ ಬಹಳ ಮೊದಲೇ ಹುಟ್ಟಿದ ಕೂಸುಗಳಿಗೆ ಉಸಿರು ಕಷ್ಟವಾಗುವುದು ಹೆಚ್ಚಾಗಿ ಇದರ ಕೊರತೆಯಿಂದ.

ಕೊಳವೆಯ ಒಳತುದಿಗೆ ಕವಲು ಜೋಡಿಸಿ, ಅದರ ಎರಡು ತುದಿಗೂ ಬಲೂನು ಕಟ್ಟಿ, ಅವು ಬಾಟಲಿಯೊಳಗೆ ಇರುವಂತೆ ಮುಚ್ಚಳ ಬಿಗಿಯಿರಿ. ಇನ್ನು ಆ ಬದಲಿಸಿದ ಹೆಜ್ಜೆ. ಇಬ್ಬರು ಬೇಕು. ಒಬ್ಬರು ಬಲೂನುಗಳನ್ನು ನಿಂಬೆಹಣ್ಣಿನಷ್ಟು ಊದಿ ಕೊಳವೆಯನ್ನು ಮಡಚಿ ಹಿಡಿದಿರಬೇಕು. ಇನ್ನೊಬ್ಬರು ದೊಡ್ಡ ಬಲೂನಿನ ಬಾಯಿ ಕತ್ತರಿಸಿ, ಉಳಿದ ರಬ್ಬರನ್ನು ಬಾಟಲಿಯ ತಳಕ್ಕೆ ಎಳೆದು ತೊಡಿಸಿ, ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಈಗ ಕೊಳವೆ ಬಿಡಿ. ಬಲೂನುಗಳು ಕುಗ್ಗಲು ಹೊರಟು ತಳದ ರಬ್ಬರನ್ನು ಒಳಕ್ಕೆ ಸೆಳೆಯುತ್ತವೆ, ಅದು ಮೇಲಕ್ಕೆ ಗುಮ್ಮಟದಂತೆ ಬಾಗಿ ನಿಲ್ಲುತ್ತದೆ. ಬಲೂನುಗಳಲ್ಲಿ ಸ್ವಲ್ಪ ಗಾಳಿ ಉಳಿದೇ ಇರುತ್ತದೆ. ವಯಸ್ಕರು ಎಷ್ಟೇ ಜೋರಾಗಿ ಉಸಿರು ಬಿಟ್ಟರೂ ಶ್ವಾಸಕೋಶದಲ್ಲಿ ಸುಮಾರು 1200 ಮಿ.ಲೀ. ಉಳಿಯುವುದಕ್ಕೆ ಇದನ್ನೇ ತೋರಿಸಬಹುದು.

ಐದು ನಿಮಿಷ ಹಾಗೇ ಬಿಡಿ. ಗುಮ್ಮಟ ಇಳಿದರೆ ಎಲ್ಲೋ ಸೋರಿಕೆ, ಬಹುಪಾಲು ಮುಚ್ಚಳದ ಬಳಿ. ಕೊಳವೆ ಮುಚ್ಚಿ, ತಳದ ರಬ್ಬರನ್ನು ಒಳಕ್ಕೆ ಒತ್ತುತ್ತಾ ಸೋಪಿನ ನೀರು ಸವರಿದರೆ ಗುಳ್ಳೆ ಜಾಗ ಹೇಳುತ್ತದೆ.

ಗುಮ್ಮಟವನ್ನು ಚಪ್ಪಟೆಯಾಗುವ ತನಕ ಎಳೆದರೆ ಉಚ್ಛ್ವಾಸ. ಬಿಟ್ಟರೆ ನಿಶ್ವಾಸ, ಅದಕ್ಕೆ ಯಾರೂ ಒತ್ತಬೇಕಿಲ್ಲ. ಆರಾಮಾಗಿ ಕೂತಾಗ ನಮ್ಮ ನಿಶ್ವಾಸವೂ ಹೀಗೇ, ಹಿಗ್ಗಿದ್ದು ತಾನೇ ಕುಗ್ಗುತ್ತದೆ. ಒಂದು ಸಲಕ್ಕೆ ನಾವು ಎಳೆದುಕೊಳ್ಳುವ ಸುಮಾರು 500 ಮಿ.ಲೀ.ನಲ್ಲಿ 150 ಮಿ.ಲೀ.ಯಷ್ಟು ಗಾಳಿಗೂಡಿನವರೆಗೆ ಹೋಗುವುದೇ ಇಲ್ಲ, ಶ್ವಾಸನಾಳಗಳಲ್ಲೇ ಉಳಿಯುತ್ತದೆ. ಮಾದರಿಯ ಕೊಳವೆಯನ್ನು ಗಿಡ್ಡ ಇಡಿ ಎನ್ನುವುದು ಅದಕ್ಕೇ.

ಎರಡು ಕೊರತೆಗಳನ್ನು ಬಾಯಿಬಿಟ್ಟು ಹೇಳಲೇಬೇಕು. ಬಾಟಲಿಯ ಪಕ್ಕೆ ಹಿಗ್ಗುವುದಿಲ್ಲ, ನಮ್ಮ ಪಕ್ಕೆಲುಬು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ. ಬಲೂನಿನ ಸುತ್ತ ಇಲ್ಲಿ ಗಾಳಿ ಇದೆ. ದೇಹದಲ್ಲಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಇರುವುದು ದ್ರವದ ತೆಳುಪದರ ಮಾತ್ರ.

ಎಲ್ಲ ಮುಗಿದ ಮೇಲೆ ಪಕ್ಕೆಯ ಟೇಪ್ ಕೀಳಿಸುತ್ತೇನೆ. ಬಲೂನು ತಕ್ಷಣ ಮುದುಡುತ್ತದೆ, ಗುಮ್ಮಟ ಸಪಾಟಾಗುತ್ತದೆ. ಆಮೇಲೆ ತಳವನ್ನು ಮೆಲ್ಲಗೆ ಎಳೆದರೆ ಗಾಳಿ ಬರುವುದು ಆ ತೂತಿನಿಂದ, ಬಲೂನು ಮಿಸುಕುವುದಿಲ್ಲ. ಎದೆಗೆ ಆಳವಾಗಿ ಚುಚ್ಚಿದ ಗಾಯವಾದವರ ಶ್ವಾಸಕೋಶ ಕುಸಿಯುವುದು ಹೀಗೆ.