ಫೋನ್ ಹೋದರೆ ಹೋಗಲಿ, ಒಳಗಿರುವುದು ಉಳಿಯಲಿ

ನಮ್ಮ ಭಾವನ ಅಡಿಕೆ ಲೆಕ್ಕವೆಲ್ಲ ಅವರ ಫೋನಿನ ಗ್ಯಾಲರಿಯಲ್ಲಿತ್ತು. ಮಂಡಿಯಲ್ಲಿ ಚೀಟಿ ಕೈಗೆ ಬಂದ ಕೂಡಲೇ ಒಂದು ಫೋಟೊ ಹೊಡೆಯುವುದು, ಚೀಟಿಯನ್ನು ಜೇಬಿನಲ್ಲೇ ಮರೆತು ಅಂಗಿಯನ್ನು ಒಗೆಯಲು ಹಾಕುವುದು. ಇದು ಅವರ ಪದ್ಧತಿ. ಕಳೆದ ಮಳೆಗಾಲದಲ್ಲಿ ಫೋನ್ ತಾನಾಗಿಯೇ ಆಫ್ ಆಗಿ ಆನ್ ಆಗತೊಡಗಿತು. ಪೇಟೆಯ ಅಂಗಡಿಯೊಂದಕ್ಕೆ ಒಯ್ದರು. 'ಸಾಫ್ಟ್‌ವೇರ್ ಹೊಡೆದ್ರೆ ಸರಿ ಹೋಗುತ್ತೆ ಸಾರ್' ಅಂದರು, ಹೊಡೆದರು. ಅಂದರೆ ಒಳಗಿದ್ದುದನ್ನೆಲ್ಲ ಅಳಿಸಿ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದರು. ಎರಡು ದಿನ ನೆಟ್ಟಗಿದ್ದ ಫೋನ್ ಮೂರನೇ ದಿನ ಮತ್ತೆ ಅದೇ ರಾಗ ಎಳೆಯಿತು. ಕೆಟ್ಟಿದ್ದು ಚಿಪ್‌ಗಳೆಲ್ಲ ಕೂತಿರುವ ಒಳಗಿನ ಬೋರ್ಡು, ಅಳಿಸಿಹೋಗಿದ್ದು ಮೂರು ವರ್ಷದ ಚೀಟಿಗಳು.

ಆಮೇಲೆ ಇಂಥ ಐದಾರು ಫೋನ್‌ಗಳ ಪಕ್ಕ ಕೂತು ಕಾದಿದ್ದೇನೆ. ಹೆಚ್ಚಿನವು ಸಾಯುವ ಮೊದಲು ಒಂದಷ್ಟು ದಿನ ಒದ್ದಾಡುತ್ತವೆ. ಆ ದಿನಗಳನ್ನು ಜನ ಫೋನ್ ರಿಪೇರಿ ಮಾಡಿಸಲು ಓಡಾಡಿ ಕಳೆಯುತ್ತಾರೆ, ಒಳಗಿರುವುದನ್ನು ಹೊರತೆಗೆಯಲು ಬಳಸುವುದಿಲ್ಲ.

ಹಂತ 1: ಬೋರ್ಡೇ ಹೌದಾ?

ಶೇ 30 ಚಾರ್ಜ್ ಇದ್ದಾಗಲೇ ಫೋನ್ ಸತ್ತು, ಚಾರ್ಜರ್ ಸಿಕ್ಕಿಸಿದರೆ ಎದ್ದು ಕೂತರೆ ಬಹುತೇಕ ಬ್ಯಾಟರಿ. ಪರದೆ ಕಪ್ಪಾಗಿದ್ದು, ಬೇರೆ ಫೋನಿನಿಂದ ಕರೆ ಮಾಡಿದರೆ ರಿಂಗ್ ಆದರೆ ಡಿಸ್‌ಪ್ಲೇ. ಕಂಪ್ಯೂಟರ್‌ಗೆ ಕೇಬಲ್ ಹಾಕಿದಾಗ 'ಟಿಂಗ್' ಎಂದರೂ ಒಳಗೆ ಜೀವ ಇದೆ ಎಂದೇ ಅರ್ಥ. ಇವೆರಡೂ ಬದಲಾಯಿಸಿದರೆ ಮುಗಿಯುವ ಕೆಲಸ, ಡೇಟಾಗೆ ಏನೂ ಆಗುವುದಿಲ್ಲ.

ಬೋರ್ಡಿನ ಲಕ್ಷಣವೇ ಬೇರೆ. ಹಿಂಬದಿಯಲ್ಲಿ ಕ್ಯಾಮೆರಾ ಪಕ್ಕದ ಜಾಗ ಸುಮ್ಮನಿದ್ದಾಗಲೂ ಕಾಯುತ್ತದೆ. ವೈಫೈ ಬಟನ್ ಒತ್ತಿದರೂ ಆನ್ ಆಗುವುದಿಲ್ಲ. ಕಂಪನಿಯ ಲೋಗೊ ಬಂದು ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಹತ್ತು ನಿಮಿಷ ಚೆನ್ನಾಗಿ ನಡೆದು, ಬಿಸಿಯಾದ ಮೇಲೆ ಬೀಳುತ್ತದೆ. ಚಿಪ್‌ಗಳ ಅಡಿಯ ಬೆಸುಗೆ ಬಿರುಕು ಬಿಟ್ಟಾಗ ಹೀಗಾಗುವುದುಂಟು. 2016ರ ಜನವರಿಯಲ್ಲಿ ಎಲ್‌ಜಿ ಕಂಪನಿಯೇ ತನ್ನ ಜಿ4 ಫೋನ್‌ಗಳು ಪದೇ ಪದೇ ರೀಸ್ಟಾರ್ಟ್ ಆಗಲು ಬಿಡಿಭಾಗಗಳ ನಡುವಿನ ಸಡಿಲ ಸಂಪರ್ಕ ಕಾರಣ ಎಂದು ಒಪ್ಪಿಕೊಂಡಿತ್ತು.

ಫೋನನ್ನು ಫ್ರೀಜರ್‌ನಲ್ಲಿಡುವ ಉಪಾಯ ಜನಪ್ರಿಯವಾಗಿದ್ದೂ ಇಂಥ ಫೋನ್‌ಗಳಿಂದಲೇ. ಅದು ಒಮ್ಮೊಮ್ಮೆ ಕೆಲಸ ಮಾಡುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಹೊರತೆಗೆದ ಮರುಕ್ಷಣ ಒಳಗೆಲ್ಲ ನೀರು ಬೆವರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಂತೂ ಕೇಳಲೇಬೇಡಿ. ಕವರ್ ಬಿಚ್ಚಿ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಫೋನನ್ನು ಅಂಗಾತ ಮಲಗಿಸಿ, ಟೇಬಲ್ ಫ್ಯಾನ್ ತಿರುಗಿಸಿ. ಅಷ್ಟು ತಂಪು ಸಾಕು. ಒದ್ದೆಯಾದ ಫೋನಿಗೆ ಅಕ್ಕಿ ಡಬ್ಬವೂ ಬೇಡ. 2024ರಲ್ಲಿ ಆ್ಯಪಲ್ ಕೂಡ ಐಫೋನನ್ನು ಅಕ್ಕಿಯಲ್ಲಿ ಹೂಳಬೇಡಿ, ಅಕ್ಕಿಯ ಕಣಗಳು ಒಳಗೆ ಹೊಕ್ಕಾವು ಎಂದು ಹೇಳಿತು.

ಹಂತ 2: ಪಿನ್ ಬರೆದಿಡಿ, ಆಫ್ ಮಾಡಬೇಡಿ

ವರ್ಷಗಟ್ಟಲೆ ಬೆರಳಚ್ಚಿನಲ್ಲೇ ಫೋನ್ ತೆರೆದವರಿಗೆ ಪಿನ್ ಮರೆತಿರುತ್ತದೆ. ಫೋನ್ ರೀಸ್ಟಾರ್ಟ್ ಆದ ಮೇಲೆ ಮೊದಲ ಸಲ ಬೆರಳಚ್ಚು ನಡೆಯುವುದಿಲ್ಲ, ಪಿನ್ನೇ ಬೇಕು. ಅದನ್ನು ಹೊಡೆಯುವವರೆಗೆ ಫೋಟೊ, ಸಂದೇಶ ಎಲ್ಲವೂ ಬೀಗದೊಳಗೇ ಇರುತ್ತವೆ. ಪಿನ್ ನೆನಪಿಸಿಕೊಂಡು ಕಾಗದದ ಮೇಲೆ ಬರೆಯಿರಿ. ಈಗ ಆನ್ ಇದ್ದರೆ ಆನ್ ಇರಲಿ, 'ಒಂದ್ಸಲ ಆಫ್ ಮಾಡಿ ನೋಡೋಣ' ಎನ್ನುವವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ.

ಇನ್ನೊಂದು ಬಲೆ. ಫೋನ್ ಏಳುವಾಗ ಕೆಲವೊಮ್ಮೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ 'ನಿಮ್ಮ ಡೇಟಾ ಹಾಳಾಗಿರಬಹುದು' ಎಂಬ ಒಕ್ಕಣೆ ಬಂದು, ಕೆಳಗೆ ಎರಡು ಆಯ್ಕೆ ಕಾಣುತ್ತವೆ: 'ಟ್ರೈ ಅಗೇನ್' ಮತ್ತು 'ಫ್ಯಾಕ್ಟರಿ ಡೇಟಾ ರೀಸೆಟ್'. ಗಾಬರಿಯಲ್ಲಿ ಎರಡನೆಯದನ್ನು ಒತ್ತಿದವರು ನನಗೇ ಇಬ್ಬರು ಗೊತ್ತು. ಹತ್ತು ಸಲ ಬೇಕಾದರೂ ಮೊದಲನೆಯದನ್ನೇ ಒತ್ತಿ.

ಹಂತ 3: ಆ ಹತ್ತು ನಿಮಿಷ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಫೋನ್ ಎದ್ದ ಕೂಡಲೇ ಫ್ಲೈಟ್ ಮೋಡ್ ಹಾಕಿ. ಪರದೆಯ ಬೆಳಕನ್ನು ಕನಿಷ್ಠಕ್ಕೆ ಇಳಿಸಿ, ಸ್ಕ್ರೀನ್ ಟೈಮ್‌ಔಟ್ ಅನ್ನು ಗರಿಷ್ಠಕ್ಕೆ ಏರಿಸಿ. ನೆಟ್‌ವರ್ಕ್ ಹುಡುಕುವುದೂ ಬೆಳಕೂ ಬೋರ್ಡನ್ನು ಕಾಯಿಸುವ ಕೆಲಸಗಳೇ. 'ಗೂಗಲ್ ಫೋಟೊಸ್‌ಗೆ ಅಪ್‌ಲೋಡ್ ಆಗಲಿ ಬಿಡು' ಎಂದು ವೈಫೈಗೆ ಬಿಡುವವರಿದ್ದಾರೆ. ಅದು ನಿಧಾನ, ಮೇಲಾಗಿ ಬಿಸಿ. ಆದರೆ ಶುರುಮಾಡುವ ಮೊದಲು ಬೇರೆ ಫೋನಿನಲ್ಲಿ ನಿಮ್ಮ ಗೂಗಲ್ ಖಾತೆ ತೆರೆದು, ಯಾವ ತಿಂಗಳವರೆಗಿನ ಫೋಟೊ ಈಗಾಗಲೇ ಅಲ್ಲಿದೆ ಎಂದು ನೋಡಿಕೊಳ್ಳಿ. ಅರ್ಧ ಕೆಲಸ ಉಳಿದರೂ ಉಳಿಯಬಹುದು.

ಲ್ಯಾಪ್‌ಟಾಪಾ, ಪೆನ್‌ಡ್ರೈವಾ? ನನ್ನ ಮತ ಪೆನ್‌ಡ್ರೈವ್‌ಗೆ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಕ್ಯಾಮೆರಾ ಫೋಲ್ಡರ್ ತೆರೆದರೆ ಹಸಿರು ಗೆರೆ ಮೇಲೆ ಎಡದಿಂದ ಬಲಕ್ಕೆ ಆಮೆಯ ಹಾಗೆ ಸಾಗುತ್ತದೆ. ಎಂಟು ಸಾವಿರ ಫೋಟೊ ಇದ್ದರೆ ಪಟ್ಟಿ ತೋರಿಸುವುದರೊಳಗೇ ನಿಮ್ಮ ಹತ್ತು ನಿಮಿಷ ಮುಗಿದು ಫೋನ್ ಮಲಗುತ್ತದೆ. ಓಟಿಜಿ ಪೆನ್‌ಡ್ರೈವ್ (ಫೋನಿಗೇ ನೇರವಾಗಿ ಹಾಕುವಂಥದ್ದು) ಸಿಕ್ಕಿಸಿದರೆ ಫೋನಿನದೇ ಫೈಲ್ ಮ್ಯಾನೇಜರ್‌ನಲ್ಲಿ ದಿನಾಂಕದ ಪ್ರಕಾರ ಜೋಡಿಸಿ, ಹೊಸದರಿಂದ ಹಳೆಯದಕ್ಕೆ ನೂರು ನೂರರಂತೆ ಆರಿಸಿ ಕಳಿಸಬಹುದು.

ಆರಿಸಿದ ಮೇಲೆ ಒತ್ತಬೇಕಾದ್ದು 'ಕಾಪಿ', 'ಮೂವ್' ಅಲ್ಲ. ಮೂವ್ ಮಾಡುವಾಗ ನಡುವೆ ಫೋನ್ ಬಿದ್ದರೆ ಇತ್ತಲೂ ಇಲ್ಲ, ಅತ್ತಲೂ ಇಲ್ಲ ಎಂದಾಗಬಹುದು. ಪ್ರತಿ ನೂರಕ್ಕೊಮ್ಮೆ ಪೆನ್‌ಡ್ರೈವ್ ಇಜೆಕ್ಟ್ ಮಾಡಿ ಮತ್ತೆ ಸಿಕ್ಕಿಸಿ. ಇದು ಕಿರಿಕಿರಿ ನಿಜ, ಆದರೆ ಬರೆಯುತ್ತಿರುವಾಗಲೇ ಫೋನ್ ಆಫ್ ಆದರೆ ಪೆನ್‌ಡ್ರೈವಿನ ಪಟ್ಟಿಯೇ ಕೆಡುತ್ತದೆ.

ಅಂದಹಾಗೆ, ಆನ್‌ಲೈನಿನಲ್ಲಿ ಐದುನೂರು ರೂಪಾಯಿಗೆ '2 ಟಿಬಿ' ಪೆನ್‌ಡ್ರೈವ್ ಮಾರುತ್ತಾರಲ್ಲ, ಅದನ್ನು ಮುಟ್ಟಬೇಡಿ. ಒಳಗೆ ಚಿಕ್ಕ ಚಿಪ್ ಇಟ್ಟು ದೊಡ್ಡ ಸಂಖ್ಯೆ ತೋರಿಸುವ ಮಾಲು ಅದು. ಜಾಗ ತುಂಬಿದ ಮೇಲೂ ಕಾಪಿ ಆಯಿತು ಎಂದೇ ಹೇಳುತ್ತದೆ, ತೆರೆದರೆ ಬೂದು ಚೌಕ. ಗೊತ್ತಿರುವ ಕಂಪನಿಯ 64 ಜಿಬಿ ಒಂದು ಸಾಕು, ಮೊದಲು ಬೇರೆ ಫೋನಿನಲ್ಲಿ ಹಾಕಿ ಪರೀಕ್ಷಿಸಿ. ಹಾಗೆಯೇ, ಸತ್ತ ಫೋನಿನಿಂದ ಎಲ್ಲವನ್ನೂ ಎಬ್ಬಿಸುತ್ತೇವೆ ಎನ್ನುವ ಕಂಪ್ಯೂಟರ್ ಸಾಫ್ಟ್‌ವೇರ್‌ಗಳಿಗೆ ದುಡ್ಡು ಸುರಿಯಬೇಡಿ. ಕೊನೆಗೆ ಅವೂ ಕೇಳುವುದು 'ಫೋನ್ ಆನ್ ಮಾಡಿ, ಯುಎಸ್‌ಬಿ ಡೀಬಗಿಂಗ್ ಒತ್ತಿ' ಎಂದೇ. ಡೀಬಗಿಂಗ್ ಅಂದರೆ ಫೋನನ್ನು ಕಂಪ್ಯೂಟರ್‌ನಿಂದ ನಡೆಸಲು ಬಿಡುವ ಸೆಟ್ಟಿಂಗ್.

ಏನನ್ನು ಮೊದಲು ತೆಗೆಯಬೇಕು? ಗಾತ್ರ ಚಿಕ್ಕದು, ಬೆಲೆ ದೊಡ್ಡದು, ಅದು ಮೊದಲು. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಎಲ್ಲ ನಂಬರ್‌ಗಳೂ ಒಂದೇ ವಿಸಿಎಫ್ ಫೈಲಿಗೆ ಬರುತ್ತವೆ, ಒಂದು ನಿಮಿಷದ ಕೆಲಸ. ಆಮೇಲೆ ಡಾಕ್ಯುಮೆಂಟ್ಸ್, ಧ್ವನಿಮುದ್ರಿಕೆ, ವಾಟ್ಸ್ಆ್ಯಪ್. ಅದಾದ ಮೇಲೆ ಫೋಟೊ, ಎಲ್ಲಕ್ಕಿಂತ ಕೊನೆಗೆ ವಿಡಿಯೊ. ಮೊಮ್ಮಗಳ ನಾಮಕರಣದ ನಾಲ್ಕು ಜಿಬಿ ವಿಡಿಯೊವನ್ನೇ ಮೊದಲು ಹಿಡಿದರೆ ಅದೂ ಬರುವುದಿಲ್ಲ, ಉಳಿದದ್ದೂ ಬರುವುದಿಲ್ಲ. ಗೂಗಲ್ ಪೇ, ಫೋನ್‌ಪೇ ಬಗ್ಗೆ ಚಿಂತೆ ಬೇಡ, ದುಡ್ಡು ಇರುವುದು ಬ್ಯಾಂಕಿನಲ್ಲಿ.

ವಾಟ್ಸ್ಆ್ಯಪ್ ವಿಷಯದಲ್ಲಿ ಒಂದು ಎಚ್ಚರಿಕೆ. ಹೊಸ ಫೋನ್ ತಂದ ಸಂಭ್ರಮದಲ್ಲಿ ಅದೇ ನಂಬರ್ ಹಾಕಿ ಅಲ್ಲಿ ವಾಟ್ಸ್ಆ್ಯಪ್ ಶುರುಮಾಡಿದಿರೋ, ಹಳೆಯ ಫೋನಿನಲ್ಲಿ ಅದು ಲಾಗ್‌ಔಟ್ ಆಗುತ್ತದೆ. ಬ್ಯಾಕಪ್ ತೆಗೆಯಲು ಮತ್ತೆ ಅಲ್ಲಿ ಒಟಿಪಿ ಹಾಕಬೇಕು, ಅಷ್ಟರಲ್ಲಿ ಫೋನ್ ಬೀಳುತ್ತದೆ. ಆದ್ದರಿಂದ ಮೊದಲು ಹಳೆಯ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಬ್ಯಾಕಪ್ ಒತ್ತಿ. ಅದಕ್ಕೂ ಪುರುಸೊತ್ತಿಲ್ಲವೇ? ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆ್ಯಪ್ ತಾನಾಗಿಯೇ ದಿನಾ ಬೆಳಗಿನ ಜಾವ 2ಕ್ಕೆ ಫೋನಿನೊಳಗೇ ಒಂದು ಪ್ರತಿ ಇಟ್ಟಿರುತ್ತದೆ. 'ಆಂಡ್ರಾಯ್ಡ್' ಫೋಲ್ಡರ್, ಅದರೊಳಗೆ 'ಮೀಡಿಯಾ', ಅದರೊಳಗೆ 'ಕಾಮ್.ವಾಟ್ಸ್ಆ್ಯಪ್', ಅದರೊಳಗೆ 'ವಾಟ್ಸ್ಆ್ಯಪ್' ಫೋಲ್ಡರ್. ಅದರಲ್ಲಿರುವ 'ಡೇಟಾಬೇಸಸ್' ಅನ್ನು ಮೊದಲು ಎತ್ತಿಕೊಳ್ಳಿ, ಚಿತ್ರಗಳ ಫೋಲ್ಡರ್ ಆಮೇಲೆ. ಹೊಸ ಫೋನಿನಲ್ಲಿ ಅದೇ ಜಾಗಕ್ಕೆ ಹಾಕಿದ ನಂತರವೇ ವಾಟ್ಸ್ಆ್ಯಪ್ ತೆರೆದು ನಂಬರ್ ಕೊಡಿ.

ಟಚ್ ಕೂಡ ಕೈಕೊಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿಗೆ ಒಮ್ಮೆ ಅನುಮತಿ ಕೊಟ್ಟುಬಿಡಿ. ಆಮೇಲೆ ಪರದೆ ಹೋದರೂ ಸ್ಕ್ರ್‌ಸಿಪಿವೈ (scrcpy) ಎಂಬ ಉಚಿತ ಪ್ರೋಗ್ರಾಮ್‌ನಿಂದ ಫೋನನ್ನು ಲ್ಯಾಪ್‌ಟಾಪಿನಲ್ಲೇ ನಡೆಸಬಹುದು. ಅನುಮತಿ ಕೊಡದೆ ಪರದೆ ಹೋಯಿತೋ, ಆ ದಾರಿ ಮುಚ್ಚಿತು.

ಐಫೋನ್‌ನವರಿಗೆ ಕೆಲಸ ಕಡಿಮೆ. ಕಂಪ್ಯೂಟರ್‌ಗೆ ಕೇಬಲ್ ಹಾಕಿ, 'ಟ್ರಸ್ಟ್' ಒತ್ತಿ ಪಾಸ್‌ಕೋಡ್ ಕೊಟ್ಟು, ಪೂರ್ತಿ ಬ್ಯಾಕಪ್‌ಗೆ ಬಿಡಿ. ಪದೇ ಪದೇ ನಡುವೆ ನಿಂತರೆ ಫೋಟೊಗಳನ್ನು ಮಾತ್ರ ಬೇರೆಯಾಗಿ ಎಳೆಯಿರಿ.

ಹಂತ 4: ಏಳಲೇ ಇಲ್ಲವೇ?

ಆಗ ಬೋರ್ಡ್ ಮೇಲೆ ಕೆಲಸ ಮಾಡುವವರ ಹತ್ತಿರ ಹೋಗಬೇಕು. ಡಿಸ್‌ಪ್ಲೇ, ಕವರ್, ಟೆಂಪರ್ಡ್ ಗ್ಲಾಸ್ ಮಾರುವ ಅಂಗಡಿ ಅಲ್ಲ. ಮೇಜಿನ ಮೇಲೆ ಮೈಕ್ರೊಸ್ಕೋಪ್, ಹಾಟ್ ಏರ್ ಗನ್, ಆಂಪಿಯರ್ ತೋರಿಸುವ ಪವರ್ ಸಪ್ಲೈ ಮೂರೂ ಇರಬೇಕು. ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಮುತ್ತ ಇಂಥವರು ಸಿಗುತ್ತಾರೆ. ಸರ್ವಿಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಾಯಿಸುತ್ತಾರೆ, ಹಳೆಯ ಬೋರ್ಡಿನ ಜೊತೆ ನಿಮ್ಮ ಫೋಟೊಗಳೂ ಹೋದವು.

ಬಾಗಿಲಲ್ಲೇ ಹೇಳಬೇಕಾದ ಮಾತು ಒಂದೇ: 'ನನಗೆ ಫೋನ್ ಬೇಡ, ಡೇಟಾ ಬೇಕು.' ಈ ಮಾತು ಅವರ ಕೆಲಸದ ದಾರಿಯನ್ನೇ ಬದಲಿಸುತ್ತದೆ. ಸಾಫ್ಟ್‌ವೇರ್ ಹೊಡೆಯಬಾರದು, ಕೇಳದೆ ಚಿಪ್ ಎತ್ತಬಾರದು, ಡೇಟಾ ಬರದಿದ್ದರೆ ಎಷ್ಟು ದುಡ್ಡು ಎಂಬುದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಪಿನ್ ಕೊಡಲೇಬೇಕಾಗುತ್ತದೆ. ಅದು ಹಿತವಲ್ಲ ಅನ್ನಿಸಿದರೆ ಎದುರಿಗೇ ಕೂತು ಮಾಡಿಸಿಕೊಳ್ಳಿ.

'ಮೆಮೊರಿ ಚಿಪ್ ಕಿತ್ತು ಬೇರೆ ಬೋರ್ಡಿಗೆ ಹಾಕ್ತೀವಿ' ಎಂದು ಯಾರಾದರೂ ಅಂದರೆ ಎದ್ದು ಬನ್ನಿ. ಹಿಂದೆ ಅದು ನಡೆಯುತ್ತಿತ್ತು. ಈಗಿನ ಫೋನಿನಲ್ಲಿ ಡೇಟಾವೆಲ್ಲ ಗೂಢಲಿಪಿಯಲ್ಲಿರುತ್ತದೆ. 2019ರ ಆಂಡ್ರಾಯ್ಡ್ 10ರಿಂದೀಚೆಗಿನ ಹೊಸ ಫೋನ್‌ಗಳಿಗೆ ಅದು ಕಡ್ಡಾಯ. ಪೆಟ್ಟಿಗೆ ಮೆಮೊರಿ ಚಿಪ್ಪು, ಕೀಲಿಯ ಅರ್ಧ ಪ್ರೊಸೆಸರ್ ಹೊಟ್ಟೆಯಲ್ಲಿ, ಇನ್ನರ್ಧ ನಿಮ್ಮ ತಲೆಯಲ್ಲಿರುವ ಪಿನ್. ಪೆಟ್ಟಿಗೆಯೊಂದನ್ನೇ ಹೊತ್ತೊಯ್ದರೆ ಏನೂ ಸಿಗುವುದಿಲ್ಲ. ಬದಲಾಯಿಸುವುದಾದರೆ ಪ್ರೊಸೆಸರ್, ಮೆಮೊರಿ ಎರಡನ್ನೂ ಒಟ್ಟಿಗೆ ಅದೇ ಮಾಡೆಲ್‌ನ ಇನ್ನೊಂದು ಬೋರ್ಡಿಗೆ ಸಾಗಿಸಬೇಕು. ಕೈ ನಡುಗಿದರೆ ಮುಗಿಯಿತು, ಹಾಗಾಗಿ ಅದು ಕಟ್ಟಕಡೆಯ ದಾರಿ.

ಬಹಳ ಸಲ ಅಷ್ಟು ದೂರ ಹೋಗಬೇಕಾಗುವುದಿಲ್ಲ. ನಮ್ಮ ಎದುರುಮನೆ ಟೀಚರ್ ಫೋನನ್ನು ಹೀಗೇ ಒಯ್ದಿದ್ದೆ. ಹುಡುಗ ಬೋರ್ಡನ್ನು ಬಿಚ್ಚಿ ಪವರ್ ಸಪ್ಲೈಗೆ ಕಚ್ಚಿಸಿದ. ಪವರ್ ಬಟನ್ ಒತ್ತುವ ಮೊದಲೇ ಮುಳ್ಳು ಮೇಲೆದ್ದಿತು. 'ಶಾರ್ಟ್ ಇದೆ' ಅಂದ. ಸೋಲ್ಡರಿಂಗ್ ಐರನ್ ತುದಿಯನ್ನು ರಾಳಕ್ಕೆ ಮುಟ್ಟಿಸಿ ಎದ್ದ ಹೊಗೆಯನ್ನು ಬೋರ್ಡ್ ಮೇಲೆ ಹಾಯಿಸಿದ. ಕಪ್ಪು ಬೋರ್ಡಿನ ಮೇಲೆ ಮಂಜು ಬಿದ್ದ ಹಾಗೆ ತೆಳ್ಳಗೆ ಬಿಳಿ ಕೂತಿತು. ಮತ್ತೆ ಕರೆಂಟ್ ಕೊಟ್ಟ. ಒಂದೇ ಒಂದು ಕಡೆ, ಸಾಸಿವೆಗಿಂತ ಚಿಕ್ಕ ಕೆಪಾಸಿಟರ್ ಮೇಲಿನ ಬಿಳಿ ಕರಗಿ ಕಪ್ಪಾಯಿತು. ಚಿಮಟದಲ್ಲಿ ಅದನ್ನು ಎತ್ತಿ ಪಕ್ಕಕ್ಕಿಟ್ಟ, ಹೊಸದು ಹಾಕಲಿಲ್ಲ. ಅದೇ ಸಾಲಿನಲ್ಲಿ ಅಂಥವು ಇನ್ನೂ ಹಲವಿರುತ್ತವೆ, ಒಂದು ಇಲ್ಲದಿದ್ದರೂ ನಡೆಯುತ್ತದಂತೆ. ಡಿಸ್‌ಪ್ಲೇ ಸಿಕ್ಕಿಸಿದ, ಲೋಗೊ ಬಂತು, ಟೀಚರ್ ಪಿನ್ ಹೊಡೆದರು. ಫ್ಲೈಟ್ ಮೋಡ್, ಪೆನ್‌ಡ್ರೈವ್, ನೂರು ನೂರರಂತೆ ಕಾಪಿ. ಅಂಗಡಿಯ ಸ್ಟೂಲಿನ ಮೇಲೆ ಎರಡು ಗಂಟೆ ಕೂತೆವು.

ಪ್ರೊಸೆಸರ್‌ಗೆ 'ಸ್ವಲ್ಪ ಹೀಟ್ ಕೊಡೋಣ' ಎನ್ನುವವರ ಬಗ್ಗೆ ಮಾತ್ರ ಹುಷಾರು. ಸೀಸವಿಲ್ಲದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂದಾಜಿನಲ್ಲಿ ಊದಿದ ಬಿಸಿಗೆ ಫೋನ್ ಒಂದು ಸಲ ಎದ್ದು ಕೂರಬಹುದು, ಆದರೆ ಪಕ್ಕದ ಮೆಮೊರಿಯೂ ಬೆಂದಿರಬಹುದು. ಶಾರ್ಟ್ ಹುಡುಕಿ, ಪವರ್ ಐಸಿ (ವಿದ್ಯುತ್ ಹಂಚುವ ಚಿಪ್) ನೋಡಿ, ಏನೂ ಸಿಗದ ಮೇಲಷ್ಟೇ ಅದಕ್ಕೆ ಒಪ್ಪಿ.

ಹಂತ 5: ತೆರೆದು ನೋಡಿ

ಪೆನ್‌ಡ್ರೈವಿನಲ್ಲಿರುವುದನ್ನು ಅವತ್ತೇ ಕಂಪ್ಯೂಟರ್‌ಗೆ ಇಳಿಸಿ. ಚಿಕ್ಕ ಚಿತ್ರಗಳ ಸಾಲು ಕಂಡಿತು ಎಂದು ಮುಚ್ಚಬೇಡಿ, ಅಲ್ಲಲ್ಲಿ ಒಂದೊಂದನ್ನು ಪೂರ್ತಿ ತೆರೆಯಿರಿ, ವಿಡಿಯೊಗಳನ್ನು ಕೊನೆಯ ನಿಮಿಷಕ್ಕೆ ಎಳೆದು ಓಡಿಸಿ. ಟೀಚರ್ ವಿಡಿಯೊಗಳಲ್ಲಿ ಎರಡು ಅರ್ಧಕ್ಕೇ ನಿಂತಿದ್ದವು. ಫೋನ್ ಇನ್ನೂ ಕೈಯಲ್ಲೇ ಇದ್ದುದರಿಂದ ಮಾರನೇ ದಿನ ಬೆಳಿಗ್ಗೆ ಅದನ್ನು ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿ ಮತ್ತೆ ತೆಗೆದೆವು. ಅಷ್ಟರಲ್ಲಿ ಅವರ ಮಗ ಆ ಫೋನನ್ನು ಎಕ್ಸ್‌ಚೇಂಜ್‌ಗೆ ಹಾಕಲು ಆನ್‌ಲೈನಿನಲ್ಲಿ ಆರ್ಡರ್ ಮಾಡಿಯಾಗಿತ್ತು. ಅದನ್ನು ಕ್ಯಾನ್ಸಲ್ ಮಾಡಿಸಿದೆವು.