ಹಳೆ ಸ್ಟೋರೇಜ್ ಹೀಟರ್ ಕಿತ್ತು ಹೊಸದು ಹಾಕಿಸಬೇಕಾ? ನಾನು ಒಂದನ್ನು ಮಾತ್ರ ಬದಲಿಸಿದೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾವಿರುವ ಫ್ಲ್ಯಾಟಿಗೆ ಗ್ಯಾಸ್ ಲೈನ್ ಇಲ್ಲ. 1980ರ ದಶಕದ ಕಟ್ಟಡ, ಎಲ್ಲದಕ್ಕೂ ಕರೆಂಟೇ. ಕಟ್ಟಿದಾಗ ಹಾಕಿದ ಸ್ಟೋರೇಜ್ ಹೀಟರ್‌ಗಳೇ ಮನೆ ಬೆಚ್ಚಗಿಡುತ್ತಿದ್ದವು. ಊರಿನಿಂದ ಬಂದು ಇಲ್ಲಿ ಇಂಥದೇ ಫ್ಲ್ಯಾಟ್ ಕೊಂಡ ಗೆಳೆಯರು "ಇವನ್ನೆಲ್ಲ ಬದಲಿಸಿದರೆ ಬಿಲ್ ಇಳಿಯುತ್ತಾ?" ಅಂತ ಕೇಳುತ್ತಿರುತ್ತಾರೆ. ನಾನು ಹಾಲ್‌ನದ್ದನ್ನು ಬದಲಿಸಿದೆ, ಬೆಡ್‌ರೂಮ್‌ನವನ್ನು ಮುಟ್ಟಲಿಲ್ಲ.

ಎಕಾನಮಿ 7 ಅನ್ನುವ ಕರೆಂಟ್ ಟ್ಯಾರಿಫ್‌ನಲ್ಲಿ ರಾತ್ರಿ ಹೊತ್ತು ಏಳು ತಾಸು ಕರೆಂಟ್ ಅಗ್ಗ. ಆಗ ಹೀಟರ್ ಒಳಗಿನ ಭಾರದ ಇಟ್ಟಿಗೆಗಳು ಕಾಯುತ್ತವೆ, ಹಗಲೆಲ್ಲ ಆ ಬಿಸಿಯನ್ನು ಬಿಡುತ್ತವೆ. ಬಚ್ಚಲ ಒಲೆಯ ಬೆಂಕಿ ಆರಿದ ಮೇಲೂ ಹಂಡೆ ನೀರು ಬಿಸಿ ಇರುತ್ತದಲ್ಲ, ಹಾಗೆ. ಹಳೆಯದರಲ್ಲಿ ಎರಡು ಗುಂಡಿ ಇರುತ್ತವೆ. ಇನ್‌ಪುಟ್ ಅಂದರೆ ರಾತ್ರಿ ಎಷ್ಟು ತುಂಬಿಸಬೇಕು, ಔಟ್‌ಪುಟ್ ಅಂದರೆ ಎಷ್ಟು ಬೇಗ ಹೊರಗೆ ಬಿಡಬೇಕು, ಅಷ್ಟೇ. ಎಷ್ಟೋ ಮನೆಗಳಲ್ಲಿ ಔಟ್‌ಪುಟ್ ವರ್ಷವಿಡೀ ಪೂರ್ತಿ ತೆರೆದೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಅರ್ಧ ಬಿಸಿ ಖಾಲಿ. ದುಡ್ಡು ಖರ್ಚು ಮಾಡುವ ಮೊದಲು ಮಲಗುವಾಗ ಅದನ್ನು ಮುಚ್ಚಿ, ಸಂಜೆ ಬಂದ ಮೇಲೆ ತೆರೆದು ಒಂದು ಚಳಿಗಾಲ ನೋಡಿ.

ಹೊಸ ಹೀಟರ್ ಒಂದು ಯೂನಿಟ್ ಕರೆಂಟಿನಿಂದ ಜಾಸ್ತಿ ಬಿಸಿ ಕೊಡುವುದಿಲ್ಲ. ಹಳೆಯದೂ ಒಂದು ಯೂನಿಟ್ ತಗೊಂಡು ಒಂದು ಯೂನಿಟ್ ಬಿಸಿಯನ್ನೇ ಕೊಡುತ್ತದೆ, ಹೊಸದೂ ಅಷ್ಟೇ. ಬದಲಾಗುವುದು ಆ ಬಿಸಿ ಯಾವಾಗ ಸಿಗುತ್ತದೆ ಅನ್ನೋದು. ಹಳೆಯದರಲ್ಲಿ ಇನ್ಸುಲೇಷನ್ ಕಡಿಮೆ, ಔಟ್‌ಪುಟ್ ಮುಚ್ಚಿದರೂ ಮೈಯಿಂದ ಬಿಸಿ ಸೋರುತ್ತಲೇ ಇರುತ್ತದೆ. ನಾವಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ದಿನವಿಡೀ ಖಾಲಿ ಸೋಫಾ ಬೆಚ್ಚಗಿರುತ್ತಿತ್ತು, ನಾವು ಬರುವ ಹೊತ್ತಿಗೆ ಹೀಟರ್ ಉಗುರು ಬೆಚ್ಚಗೆ. ಆಮೇಲೆ 2 ಕಿಲೋವ್ಯಾಟ್‌ನ ಫ್ಯಾನ್ ಹೀಟರ್ ಹಚ್ಚುತ್ತಿದ್ದೆವು.

ನಿಜವಾದ ಖರ್ಚು ಇದ್ದದ್ದು ಅಲ್ಲಿ. ನಮಗೆ ರಾತ್ರಿಯ ದರ ಯೂನಿಟ್‌ಗೆ ಸುಮಾರು 15 ಪೆನ್ಸ್, ಹಗಲು, ಸಂಜೆಯದು 30. ಫ್ಯಾನ್ ಹೀಟರ್ ಸಂಜೆ ಮೂರು ತಾಸು ಓಡಿದರೆ 6 ಯೂನಿಟ್, ಅಂದರೆ 1.80 ಪೌಂಡ್. ಚಳಿಗಾಲದಲ್ಲಿ ಅಂಥ ಸಂಜೆಗಳು 120 ಅಂತ ಇಟ್ಟುಕೊಂಡರೆ 216 ಪೌಂಡ್. ಹೊಸದಕ್ಕೆ ವೈರಿಂಗ್, ಹಳೆಯದನ್ನು ಸಾಗಿಸುವುದು ಎಲ್ಲ ಸೇರಿ ಹತ್ತಿರಹತ್ತಿರ 1,100 ಪೌಂಡ್ ಬಿತ್ತು. ಐದು ವರ್ಷದಲ್ಲಿ ದುಡ್ಡು ವಾಪಸ್, ಹಾಲ್‌ಗೆ ಲೆಕ್ಕ ಕೂಡಿ ಬಂತು. ಬೆಡ್‌ರೂಮ್‌ನಲ್ಲಿ ಫ್ಯಾನ್ ಹೀಟರ್ ಹಚ್ಚುವುದೇ ಇಲ್ಲ, ಇನ್‌ಪುಟ್ ಕೂಡ ಕಡಿಮೆಗೆ ಇಟ್ಟಿರುತ್ತೇವೆ. ಅಲ್ಲಿ 1,100 ಪೌಂಡ್ ಹಾಕಿ ಉಳಿಸುವುದಾದರೂ ಏನನ್ನು? ಹಳೆಯದರ ಎಲಿಮೆಂಟೋ ಥರ್ಮೋಸ್ಟ್ಯಾಟೋ ಹೋದರೆ ಅದನ್ನಷ್ಟೇ ಹಾಕಿಸಿದರಾಯಿತು, ಹೊಸ ಹೀಟರಿನ ಖರ್ಚಿನ ಒಂದು ಸಣ್ಣ ಪಾಲಷ್ಟೇ ಆಗುತ್ತದೆ.

ನಾನು ಆರಿಸಿಕೊಂಡದ್ದು ಡಿಂಪ್ಲೆಕ್ಸ್ ಕಂಪನಿಯ ಕ್ವಾಂಟಮ್ ಅನ್ನುವ ಸ್ಟೋರೇಜ್ ಹೀಟರ್. ಒಳಗೆ ದಪ್ಪ ಇನ್ಸುಲೇಷನ್, ಬಿಸಿಯನ್ನು ಹೊರಗೆ ತಳ್ಳಲು ಸಣ್ಣ ಫ್ಯಾನ್, ಟೈಮರ್, ನಾಳೆಗೆ ಎಷ್ಟು ಬೇಕು ಅಂತ ತಾನೇ ಅಂದಾಜು ಮಾಡಿ ಅಷ್ಟೇ ತುಂಬಿಸಿಕೊಳ್ಳುತ್ತದೆ. ಈಗ ಬಾಗಿಲು ತೆರೆದರೆ ಹಾಲ್ ಬೆಚ್ಚಗಿರುತ್ತದೆ, ಫ್ಯಾನ್ ಹೀಟರ್ ಅಟ್ಟ ಸೇರಿದೆ. ಫ್ಯಾನ್ ಗುಂಯ್ ಅನ್ನುವುದು ಮಾತ್ರ ಟಿವಿ ಆರಿಸಿದಾಗ ಕೇಳಿಸುತ್ತದೆ, ನನ್ನ ಹೆಂಡತಿಗೆ ಇದು ಇನ್ನೂ ಕಿರಿಕಿರಿಯೇ.

ಹಗಲೆಲ್ಲ ಮನೆಯಲ್ಲೇ ಇರುವವರಿಗೆ, ವರ್ಕ್ ಫ್ರಮ್ ಹೋಮ್‌ನವರಿಗೆ, ಹಳೆಯದು ಸೋರಿಸುವ ಬಿಸಿ ಹೇಗೂ ಉಪಯೋಗಕ್ಕೇ ಬರುತ್ತದೆ. ಅವರು ಆತುರಪಡಬೇಕಾಗಿಲ್ಲ. ಬಾಡಿಗೆಗೆ ಕೊಡುವವರ ಕಥೆ ಬೇರೆ: ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗೆ ಇಪಿಸಿ (ಮನೆಯ ಎನರ್ಜಿ ದಕ್ಷತೆಯ ಸರ್ಟಿಫಿಕೇಟ್) ರೇಟಿಂಗ್ ಕನಿಷ್ಠ 'ಇ' ಇರಬೇಕು, ಹೊಸ ಹೀಟರ್ ಅದನ್ನು ಮೇಲೆತ್ತುತ್ತದೆ. ಹೊರಗಿನ ಗಾಳಿಯ ಬಿಸಿಯನ್ನು ಒಳಗೆಳೆಯುವ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರರಷ್ಟು ಬಿಸಿ ಕೊಡಬಲ್ಲದು, ಸಿಕ್ಕರೆ ಅದೇ ವಾಸಿ. ಆದರೆ ನಮ್ಮ ಕಟ್ಟಡದ ಮಾಲೀಕರು ಹೊರಗೋಡೆಗೆ ಅದರ ಪೆಟ್ಟಿಗೆ ಹಾಕಲು ಒಪ್ಪಲಿಲ್ಲ.

ಹಾಕಿಸುವುದೇ ಆದರೆ ಇವಿಷ್ಟು ನೋಡಿಕೊಳ್ಳಿ. 1970ರ ದಶಕದ ಮಧ್ಯಕ್ಕಿಂತ ಹಳೆಯ ಹೀಟರ್ ಆಗಿದ್ದರೆ ನೀವೇ ಬಿಚ್ಚಬೇಡಿ, ಒಳಗೆ ಆಸ್ಬೆಸ್ಟಾಸ್ ಇರಬಹುದು. ಹಳೆ ಹೀಟರಿಗೆ ರಾತ್ರಿ ಕರೆಂಟಿನ ಲೈನ್ ಒಂದೇ ಸಾಕು, ಕ್ವಾಂಟಮ್‌ಗೆ ಅದರ ಜೊತೆ 24 ಗಂಟೆಯ ಲೈನೂ ಬೇಕು. ಕೆಲವು ಎಲೆಕ್ಟ್ರಿಷಿಯನ್‌ಗಳು ಕೊಟೇಶನ್‌ನಲ್ಲಿ ಇದನ್ನು ಸೇರಿಸುವುದೇ ಇಲ್ಲ, ಕೊನೆಗೆ ಎಕ್ಸ್‌ಟ್ರಾ ಅನ್ನುತ್ತಾರೆ. ಇಟ್ಟಿಗೆ ಸಮೇತ ನೂರು ಕಿಲೋ ದಾಟುವ ಹಳೆಯದನ್ನು ಯಾರು ಕೆಳಗೆ ಹೊರುತ್ತಾರೆ ಅಂತಲೂ ಮೊದಲೇ ಕೇಳಿ. ಇನ್ನು ತಕ್ಷಣ ಬಿಸಿ ಬೇಕಾದಾಗ ಒತ್ತುವ ಹೊಸದರ ಬೂಸ್ಟ್ ಬಟನ್ ಹಗಲಿನ ದರದ ಕರೆಂಟನ್ನೇ ಎಳೆಯುತ್ತದೆ, ಅತಿಥಿಗಳು ಬಂದಾಗ ಚೈಲ್ಡ್ ಲಾಕ್ ಹಾಕಿಬಿಡಿ.