ಚೀಟಿ ಡಬ್ಬಿಯಿಂದ ಬಾಯಿ ಬಿಟ್ಟ ತರಗತಿ: ನನ್ನ ಅನುಭವ

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರಿಂದ 26 ಜನರ ಹತ್ಯೆಯಾದಾಗ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರು. ಶಾಲೆ ತೆರೆಯುವ ಹೊತ್ತಿಗೆ ಮಕ್ಕಳು ಮೊಬೈಲಿನಲ್ಲಿ ನೋಡಬಾರದ್ದನ್ನೆಲ್ಲ ನೋಡಿದ್ದರು. ಇದನ್ನು ಕುರಿತು ಮಾತನಾಡಲು ಶಿಕ್ಷಕರನ್ನು ಸಿದ್ಧಗೊಳಿಸುತ್ತೇನೆಂದು ನಮ್ಮ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯಲ್ಲಿ ಹೇಳಿದಾಗ, "ಹೊರಗಿನ ಬೆಂಕಿಯನ್ನು ತರಗತಿಯೊಳಗೆ ಯಾಕೆ ತರುತ್ತೀರಿ ಮೇಷ್ಟ್ರೇ?" ಎಂದವರೇ ಹೆಚ್ಚು.

ಮೊದಲ ಸಲ ಅವರ ಮಾತೇ ನಿಜವಾಯಿತು. ಕೈಯಿಂದ ಸುಮಾರು 1,200 ರೂಪಾಯಿ ಹಾಕಿ ಪ್ರೊಜೆಕ್ಟರ್ ಬಾಡಿಗೆಗೆ ತಂದು, 2008ರ ಮುಂಬೈ ದಾಳಿಯ ಸುದ್ದಿ ದೃಶ್ಯಗಳನ್ನು ತೋರಿಸಿದೆ. ಕಾಲು ಗಂಟೆಯಲ್ಲಿ ಸಭೆ ಎರಡು ಪಕ್ಷವಾಯಿತು; ಒಡಹುಟ್ಟಿದ ತಮ್ಮ ಸೇನೆಯಲ್ಲಿರುವ ಶಿಕ್ಷಕಿಯೊಬ್ಬರು ಕಣ್ಣೊರೆಸಿಕೊಳ್ಳುತ್ತ ಎದ್ದು ಹೋದರು. ಎರಡನೆಯ ಸಲ ಮಕ್ಕಳು ಕೇಳಬಹುದಾದ ಪ್ರಶ್ನೆಗಳಿಗೆ ಮಾದರಿ ಉತ್ತರಗಳನ್ನು ಜೆರಾಕ್ಸ್ ಮಾಡಿಸಿ ಹಂಚಿದೆ. ಏಳುನೂರರಷ್ಟು ಖರ್ಚಾಯಿತು, ಹಾಳೆಗಳು ಬೀರು ಸೇರಿದವು.

ಮೂರನೆಯ ಸಲ ಶಿಕ್ಷಕರಿಗೆ ಖಾಲಿ ಚೀಟಿ ಕೊಟ್ಟು, ಮಕ್ಕಳ ಯಾವ ಪ್ರಶ್ನೆಗೆ ಹೆದರುತ್ತೀರೆಂದು ಹೆಸರಿಲ್ಲದೆ ಬರೆಯಲು ಹೇಳಿದೆ. ಮೂವತ್ತರಷ್ಟು ಚೀಟಿಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಪ್ರಶ್ನೆ: "ಧರ್ಮ ಕೇಳಿ ಕೊಂದರಂತೆ, ನಿಜವೇ?" ಇದನ್ನು ತೇಲಿಸಿಬಿಡುವುದನ್ನು ನಾನು ಒಪ್ಪಲಿಲ್ಲ. ಬದುಕುಳಿದವರು ಹಾಗೆಂದೇ ಹೇಳಿದ್ದಾರೆಂದು ನೇರವಾಗಿ ತಿಳಿಸಬೇಕು. ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿನ ಮುಸ್ಲಿಂ ಯುವಕನೂ ಆ 26 ಜನರಲ್ಲಿ ಒಬ್ಬನೆಂಬುದನ್ನು ಜೊತೆಯಲ್ಲೇ ಹೇಳಬೇಕು. ಒಬ್ಬರು ಮಗುವಾಗಿ, ಒಬ್ಬರು ಶಿಕ್ಷಕರಾಗಿ ಇದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿದರು.

ನಡುವೆ ಏಳನೆಯ ತರಗತಿಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಹಲಗೆಯ ಮೇಲೆ "ಕಂಡದ್ದು, ಕೇಳಿದ್ದು, ಊಹಿಸಿದ್ದು" ಎಂದು ಮೂರು ಮನೆ ಎಳೆದು, ತಮಗೆ ಗೊತ್ತಿರುವುದನ್ನು ಅವುಗಳಲ್ಲಿ ಬರೆಯಲು ಮಕ್ಕಳಿಗೆ ಹೇಳಿದೆ. ಹತರಾದ ನೌಕಾಪಡೆ ಅಧಿಕಾರಿ ದಂಪತಿಯ ಕೊನೆಯ ವಿಡಿಯೊ ಎಂದು ಹರಿದಾಡಿದ್ದು ಬೇರೆ ದಂಪತಿಯದು, ಅವರು ಬದುಕಿದ್ದಾರೆ ಎಂದಾಗ ಮಕ್ಕಳು ತಾವಾಗಿಯೇ ಎದ್ದು ಬಂದು ಮನೆಗಳನ್ನು ಅಳಿಸಿ ತಿದ್ದಿದರು.

ಈಗ ಆ ಶಾಲೆಗಳಲ್ಲಿ ಮಕ್ಕಳು ಪ್ರಶ್ನೆಯ ಚೀಟಿ ಹಾಕಲೆಂದು ಚಪ್ಪಲಿ ಡಬ್ಬಿಗೆ ಸೀಳು ಮಾಡಿ ಇಟ್ಟಿದ್ದಾರೆ. ಖರ್ಚು ಐವತ್ತು ರೂಪಾಯಿಯೂ ಇಲ್ಲ. ಅಂದು ಆಕ್ಷೇಪಿಸಿದವರೇ ಪಕ್ಕದ ಕ್ಲಸ್ಟರಿಗೂ ನನ್ನನ್ನು ಕರೆಸಿದರು. ಯಾವ ಚೀಟಿಯನ್ನು ಮೊದಲು ತೆಗೆಯಬೇಕೆಂಬ ಲೆಕ್ಕವನ್ನು ಮಾತ್ರ ಇಲ್ಲಿ ಬರೆಯಲಾರೆ, ಅದನ್ನು ಜೊತೆಯಲ್ಲಿ ಕೂತೇ ಕಲಿಯಬೇಕು.

ಒಂದು ಚೀಟಿ ನನ್ನ ಬಳಿಯೇ ಇದೆ. ನಾಲ್ಕು ಮಡಿಕೆ, ಪೆನ್ಸಿಲ್ ಬರಹ: "ರಜೆ ಮುಗಿದ ಮೇಲೆ ಅವಳು ನನ್ನ ಪಕ್ಕ ಕೂರುತ್ತಿಲ್ಲ. ನಾನೇನು ಮಾಡಿದೆ?" ಶಿಕ್ಷಕಿ ಅದನ್ನು ಓದಿ ಹೇಳಲಿಲ್ಲ. ಮರುದಿನ ಗುಂಪು ಕೆಲಸದ ನೆಪದಲ್ಲಿ ಇಡೀ ತರಗತಿಯ ಜಾಗ ಬದಲಿಸಿ, ಆ ಇಬ್ಬರಿಗೂ ಸೇರಿ ಒಂದೇ ನಕ್ಷೆ ಕೊಟ್ಟರು.